ಮೂರನೇ ಹಾಡಿನ ತಮಟೆ

2004ರ ಫೆಬ್ರವರಿ 22, ಭಾನುವಾರ ಬೆಳಿಗ್ಗೆ 9.15ಕ್ಕೆ ನಂಜನಗೂಡು ಗ್ರಾಮಾಂತರ ಠಾಣೆಗೆ ದೂರು ಬಂತು. ಕೊಟ್ಟವರು ನಟರಾಜ್, ಬೆಂಗಳೂರಿನ ‘ಕೋಲ್ಡ್ ಲ್ಯಾಂಪ್’ ಎಂಬ ಗಾಥಿಕ್ ರಾಕ್ ತಂಡದ ಮ್ಯಾನೇಜರ್. ಮೈಸೂರು, ಊಟಿ, ಕೊಯಮತ್ತೂರು ಎಂದು ಪ್ರವಾಸ ಹೊರಟಿದ್ದ ತಂಡ ಹಿಂದಿನ ಸಂಜೆ ತಾಂಡವಪುರದ ಆಚೆ ಹೆದ್ದಾರಿ ಪಕ್ಕದ ಬಯಲಿನಲ್ಲಿ ಕಾರ್ಯಕ್ರಮ ಕೊಟ್ಟಿತ್ತು. 7.05ಕ್ಕೆ, ಮೂರನೇ ಹಾಡು ಶುರುವಾಗುತ್ತಿದ್ದಂತೆ, ಯಾರೋ ಜನರೇಟರಿನ ಕೇಬಲ್ ಕಡಿದಿದ್ದರು. ಕತ್ತಲಲ್ಲಿ ವೇದಿಕೆಯ ಮೇಲಿನ ಮೇಣದಬತ್ತಿಗಳು ಉರುಳಿ ಗಾಯಕಿ ಕವನಳ ಉಡುಪಿಗೆ ಬೆಂಕಿ ಹತ್ತಿತ್ತು. ತೋಳು ಸುಟ್ಟುಕೊಂಡು ಆಕೆ ಮೈಸೂರಿನ ಆಸ್ಪತ್ರೆ ಸೇರಿದ್ದಳು.

“ಗಾಥಿಕ್ ಅಂದ್ರೆ ಏನ್ರೀ?” ಇನ್‌ಸ್ಪೆಕ್ಟರ್ ಬೆಟ್ಟಸ್ವಾಮಿ ಕೇಳಿದರು.

“ಕಪ್ಪು ಬಟ್ಟೆ, ಮುಖಕ್ಕೆ ಬಿಳಿ ಬಣ್ಣ. ಸಾವು, ಸಮಾಧಿ ಬಗ್ಗೆ ಹಾಡು ಸರ್.”

“ಅದ್ನ ಕೇಳಾಕೂ ಜನ ಬತ್ತಾರಾ?” ಎಂದ ಹೆಡ್ ಕಾನ್‌ಸ್ಟೇಬಲ್ ಜವರಯ್ಯ.

“ಎಂಟುನೂರು ಜನ ಬಂದಿದ್ರು.”

ಜವರಯ್ಯ ದೂರಿನ ಪುಸ್ತಕ ತೆರೆದ. ಅಕ್ರಮ ನಷ್ಟ ಮತ್ತು ಗಾಯದ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಸ್ಥಳ ಪಂಚನಾಮೆ. ಬಯಲಿನ ಮಾಲೀಕ ನಂಜೇಶ್ ಅಷ್ಟರಲ್ಲೇ ಅಪರಾಧಿಯನ್ನು ತೀರ್ಮಾನಿಸಿಬಿಟ್ಟಿದ್ದ. ಪಕ್ಕದ ಡಾಬಾದವನಿಗೆ ಹೊಟ್ಟೆಕಿಚ್ಚಂತೆ. ಬೆಟ್ಟಸ್ವಾಮಿ ಹೂಂಗುಟ್ಟುತ್ತಾ ಜನರೇಟರಿನ ಸುತ್ತ ಹುಲ್ಲು ಕೆದಕಿದರು. ಕೇಬಲ್ಲಿಗೆ ಮಚ್ಚಿನ ಏಟು ಮೂರು ಬಿದ್ದಿದ್ದವು. ಕಿಡಿ ಹಾರಿ ನೆಲ ಕರಕಲಾಗಿತ್ತು. ಕಡಿದವನ ಕೈಯೂ ಸುಟ್ಟಿರಬೇಕು. ಎರಡು ಮಾರು ದೂರದಲ್ಲಿ ಕಪ್ಪು ರಟ್ಟಿನ ಪಾಸೊಂದು ಸಿಕ್ಕಿತು.

“ಇದು ಕಲಾವಿದರ ಪಾಸು,” ಎಂದರು ನಟರಾಜ್, ಮುಖ ಸಪ್ಪಗೆ ಮಾಡಿಕೊಂಡು. “ಆರೇ ಆರು ಮಾಡಿಸಿದ್ದು. ಸಹಿ ಕವನಳದ್ದು.”

ಮಧ್ಯಾಹ್ನ 1.20ಕ್ಕೆ ಆಸ್ಪತ್ರೆಯಲ್ಲಿ ಕವನಳ ಹೇಳಿಕೆ ಪಡೆದರು. ಬಿಳಿ ಬಣ್ಣ ಕಿವಿಯ ಹಿಂದೆ ಇನ್ನೂ ಉಳಿದಿತ್ತು. ಬಣ್ಣ ತೊಳೆದ ಮುಖ ಕಾಲೇಜು ಹುಡುಗಿಯದು.

“ಪಾಸು ಯಾರಿಗೆ ಕೊಟ್ರಿ?”

“ತಮಟೆ ತಾತನಿಗೆ. ಜನವರಿಯಲ್ಲಿ ಜಾಗ ನೋಡೋಕೆ ಬಂದಾಗ ಅವರ ಹತ್ರ ಸಾವಿನ ತಮಟೆ ಬಾರಿಸಿಸಿ ರೆಕಾರ್ಡ್ ಮಾಡ್ಕೊಂಡಿದ್ವಿ. ಮೂರನೇ ಹಾಡು ಅದರಿಂದಾನೇ ಶುರು.”

“ನಿನ್ನೆ ಯಾವಾಗ ಬಂದ್ರು?”

“ನಾಲ್ಕು ಗಂಟೆಗೆ. ಸೌಂಡ್ ಚೆಕ್‌ಗೆ ಆ ಟೇಪು ಹಾಕಿದ್ವಿ. ಓಡಿ ಬಂದು ನನ್ನ ಕೈ ಹಿಡ್ಕೊಂಡು ಏನೇನೋ ಹೇಳಿದ್ರು. ಸ್ಪೀಕರ್ ಗಲಾಟೆಯಲ್ಲಿ ಏನೂ ಕೇಳ್ಲಿಲ್ಲ. ಅಳ್ತಿದ್ರು. ತಮ್ಮ ತಮಟೆ ಕೇಳಿ ಖುಷಿಗೆ ಅಳ್ತಿದಾರೆ ಅನ್ಕೊಂಡೆ. ಸಂಜೆ ಬನ್ನಿ ತಾತ ಅಂತ ಪಾಸು ಕೊಟ್ಟೆ.” ಆಮೇಲೆ ಕೇಳಿದಳು: “ಅವರೇನಾ ಸರ್?”

ಬೆಟ್ಟಸ್ವಾಮಿ ಹೇಳಿಕೆಯ ಹಾಳೆ ಮಡಚಿಕೊಂಡರು. ಹೊರಗೆ ಬಂದಾಗ ಜವರಯ್ಯ ತಲೆ ಕೆರೆದುಕೊಳ್ಳುತ್ತಿದ್ದ.

“ತಮಟೆ ತಾತ ಅಂದ್ರೆ ಕರಿಯಯ್ಯ ಸಾ. ಆ ಬಯಲಿಂದ ಅರ್ಧ ಮೈಲಿ, ಕಾಲೊನಿಯೋನು. ಆದ್ರೆ ಅವ್ರಲ್ಲಿ ಸಾವಿಗೆ ತಮಟೆ ಬಡಿಯಾದು ಬುಟ್ಟು ಎಂಟು ವರ್ಸ ಆಯ್ತು. ಸಂಘದೋರು ತೀರ್ಮಾನ ಮಾಡವ್ರೆ. ಇನ್ನೊಬ್ರ ಎಣದ ಮುಂದೆ ನಾವ್ಯಾಕೆ ಬಡೀಬೇಕು ಅಂತ.”

“ಮತ್ತೆ ಇವರಿಗೆ ಯಾಕೆ ಬಾರಿಸಿದ?”

“ಅದೇ ತಿಳೀನಿಲ್ಲ ಸಾ.”

3.40ಕ್ಕೆ ಜೀಪು ಕಾಲೊನಿಯ ಸಮುದಾಯ ಭವನದ ಮುಂದೆ ನಿಂತಿತು. ತನ್ನ ಮನೆಯ ಜಗಲಿಯಲ್ಲೇ ಕರಿಯಯ್ಯ ಕೂತಿದ್ದ. ಬಲಗೈಗೆ ಅರಿವೆ ಸುತ್ತಿತ್ತು. ಜೀಪು ಕಂಡು ಓಡಲಿಲ್ಲ, ಎದ್ದು ನಿಂತ.

“ಕೇಬಲ್ ಕಡಿದದ್ದು ನೀನಾ?”

“ಊ ಸಾ.”

“ಮಚ್ಚು?”

“ಸೂರಲ್ಲಿ ಅದೆ.”

ಇಷ್ಟು ಸಲೀಸಾದ ತನಿಖೆ ಬೆಟ್ಟಸ್ವಾಮಿಗೆ ಹದಿನಾರು ವರ್ಷದ ಸರ್ವಿಸಿನಲ್ಲಿ ಸಿಕ್ಕಿರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಒಳಗೆ, ಬುದ್ಧನ ಪಟದ ಕೆಳಗೆ, ಚಾಪೆಯ ಮೇಲೆ ಅವನ ಮಗಳು ಕೋಮಲ ಮಲಗಿದ್ದಳು. ಹತ್ತೊಂಬತ್ತು ವರ್ಷ. ಮುಖ, ಕಾಲು ಊದಿಕೊಂಡಿದ್ದವು. ತಾಯಿ ಮಹದೇವಮ್ಮ ಗಂಜಿ ಲೋಟ ಹಿಡಿದು ಕೂತಿದ್ದಳು. ಗಂಜಿ ಕೆನೆಗಟ್ಟಿತ್ತು.

“ಎರಡು ಕಿಡ್ನಿನೂ ಓಗವೆ ಅಂದ್ರು ಡಾಕ್ಟ್ರು,” ಮಹದೇವಮ್ಮ ಹೊರಗೆ ಬಂದು ಪಿಸುಗುಟ್ಟಿದಳು. “ಮನೆಗ್ ಕರ್ಕಂಡೋಗಿ ಅಂದ್ರು. ಅವ್ಳಿಗೆ ಏಳ್ನಿಲ್ಲ. ವಾಸಿಯಾಯ್ತದೆ ಅಂತಾನೇ ಉಣ್ಣುಸ್ತಿದ್ದೆ, ಉಣ್ಣೋಳು. ನೆನ್ನೆ ನಾಕ್ ಗಂಟೆಗೆ ಆ ಮೈಕಲ್ಲಿ ಸಾವಿನ ಬಡ್ತ ಬಂತು. ‘ಅವ್ವ, ಇದು ಅಪ್ಪನ್ ಕೈ, ಅಪ್ಪ ನಂಗೇ ಬಡೀತಾವ್ನಾ’ ಅಂದ್ಲು. ಅಷ್ಟೇಯ ಸಾ. ಬಾಯಿ ಕಚ್ಕಂಡವ್ಳೆ. ಒಂದು ತೊಟ್ಟು ನೀರು ಇಳೀನಿಲ್ಲ.”

ಕರಿಯಯ್ಯ ನೆಲ ನೋಡುತ್ತಿದ್ದ. “ನಿಲ್ಸಿ ಅಂತ ಕೈ ಮುಗ್ದೆ. ಚೀಟಿ ಕೊಟ್ರು. ಮನೆಯಿಂದ ಮಚ್ಚು ತಂದು ಜನರೇಟ್ರು ಪಕ್ಕದಲ್ಲೇ ಕಾದೆ, ಇನ್ನು ಆಕಾಕಿಲ್ಲ ಅನ್ಕಂಡೆ. ಕತ್ಲಾಯ್ತಿದ್ದಂಗೆ ತಿರುಗ ಸುರುವಾಯ್ತು. ಸಾ, ಒಂದು ಉಪಕಾರ. ಅದು ಟೇಪು ಅಂತ ಅವ್ಳಿಗೆ ನೀವ್ ಏಳಿ. ನಾನ್ ಏಳುದ್ರೆ ನಂಬಾಕಿಲ್ಲ. ಕಾಕಿಯೋರು ಏಳುದ್ರೆ ನಂಬ್ತಾಳೆ.”

ಇದು ಯಾವ ಕಲಮಿನಲ್ಲೂ ಬಾರದ ಕೆಲಸ. ಬೆಟ್ಟಸ್ವಾಮಿ ಟೋಪಿ ತೆಗೆದು ಒಳಗೆ ಹೋಗಿ ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ನೋಡಮ್ಮ, ನೆನ್ನೆ ಕೇಳಿದ್ದು ಟೇಪು. ಕಾರ್ಯಕ್ರಮದ್ದು. ಹೋದ ತಿಂಗಳು ಬಾರಿಸಿದ್ದು. ನಿನಗಲ್ಲ.”

ಕೋಮಲ ಅವರ ಹೆಗಲ ಪಟ್ಟಿಯನ್ನೂ ಮುಖವನ್ನೂ ನೋಡಿದಳು. ನಂಬಿದಳು ಅನ್ನಿಸಿತು. ಮಹದೇವಮ್ಮ ಲೋಟ ತುಟಿಯ ಹತ್ತಿರ ತಂದಳು.

“ಅಂಗಾರೆ ಓದ್ ತಿಂಗ್ಳೇ ಬಡುದ್ನಾ?” ಎಂದಳು ಕೋಮಲ. “ನಂಗೆ ಕಾಲು ಊದ್ಕಂಡಾಗ್ಲೇ?”

ಅವಳು ಗೋಡೆಯ ಕಡೆ ತಿರುಗಿದಳು. ಬೆಟ್ಟಸ್ವಾಮಿ ಇನ್ನೂ ಎರಡು ಮಾತು ಹೇಳಿದರು. ಅವರಿಗೇ ಅವು ಪೊಳ್ಳೆನಿಸಿದವು. ಬಾಗಿಲಲ್ಲಿ ನಿಂತಿದ್ದ ಕರಿಯಯ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದ.

4.25ಕ್ಕೆ ದಸ್ತಗಿರಿ. ಕೈಕೋಳ ಬೇಡವೆಂದರು ಬೆಟ್ಟಸ್ವಾಮಿ. ಅಕ್ಕಪಕ್ಕದವರು ತಡೆಯಲಿಲ್ಲ. ಮಹದೇವಮ್ಮ ಮಾತ್ರ ಲೋಟ ಹಿಡಿದುಕೊಂಡೇ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಬಂದು, ಒಳಗಿನಿಂದ ಕೆಮ್ಮು ಕೇಳಿ ವಾಪಸು ಓಡಿದಳು.

ಠಾಣೆಯಲ್ಲಿ ಜವರಯ್ಯ ಹೇಳಿಕೆ ಬರೆದುಕೊಂಡ. ಎಲ್ಲ ಮುಗಿದ ಮೇಲೆ ಬೆಟ್ಟಸ್ವಾಮಿ, ಬರೆಯುವುದಕ್ಕಲ್ಲ, ಸುಮ್ಮನೆ ಕೇಳಿದರು: “ಎಂಟು ವರ್ಷ ಬಿಟ್ಟಿದ್ದೋನು ಅವರಿಗ್ಯಾಕೆ ಬಾರಿಸಿದೆ?”

“ಸಂಘದ ಐಕ್ಳು ಮಾಡಿದ್ದು ಸರಿ ಸಾ. ನಾನೇ ಮೊದ್ಲು ಕೈ ಎತ್ತಿದ್ದು. ಆದ್ರೆ ಕೈ ಕೇಳ್ಬೇಕಲ್ಲ? ಆ ಉಡ್ಗಿ ಬಂದು ತಾತ, ನಿಮ್ಮಂಗೆ ಬಡಿಯೋರು ಯಾರೂ ಇಲ್ವಂತೆ ಅಂದ್ಲು. ಯಾರ್ ಸತ್ತೂ ಇಲ್ವಲ್ಲ, ಒಂದ್ಸಲ ಬಡುದ್ರೇನು ಅನ್ನುಸ್ತು. ಗದ್ದೆ ಬಯ್ಲಲ್ಲಿ ನಿಂತ್ಕಂಡು ಬಡ್ದೆ. ಅಷ್ಟ್ ಚೆಂದಾಗಿ ಯಾವತ್ತೂ ಬಡ್ದಿರ್ನಿಲ್ಲ.”

ಜವರಯ್ಯ ಸ್ಟಾಂಪ್ ಪ್ಯಾಡ್ ಮುಂದಿಟ್ಟ. ಕರಿಯಯ್ಯ ಹೆಬ್ಬೆಟ್ಟು ಒತ್ತಲಿಲ್ಲ.

“ಇನ್ನೊಂದ್ಸಲ ಓದಿ ಸಾ.”

ಜವರಯ್ಯ ಓದಿದ.

“ತಂತಿ ಕಡ್ದಿದ್ದು ಬರ್ಕಂಡಿದ್ದೀರಿ. ಬಡ್ದಿದ್ದು ಬರ್ಕಂಡಿಲ್ವಲ್ಲ?”

“ಅದು ಅಪರಾಧ ಅಲ್ಲಯ್ಯ.”

“ಬರ್ಕಳಿ ಸಾ. ಅದಿಲ್ದೆ ನಾನ್ ಒತ್ತಾಕಿಲ್ಲ.”

ಜವರಯ್ಯ ಸಾಹೇಬರ ಮುಖ ನೋಡಿದ. ಬೆಟ್ಟಸ್ವಾಮಿ ಪೆನ್ನು ತೆಗೆದುಕೊಂಡು ಕೊನೆಯ ಸಾಲಿನ ಕೆಳಗೆ ತಾವೇ ಬರೆದರು: ಮಗಳು ಬದುಕಿರುವಾಗಲೇ ನಾನು ಸಾವಿನ ತಮಟೆ ಬಡಿದಿರುತ್ತೇನೆ. ಗಟ್ಟಿಯಾಗಿ ಓದಿ ಹೇಳಿದರು. ಕರಿಯಯ್ಯ ಎಡಗೈ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿ, ಆ ಸಾಲಿನ ಕೆಳಗೇ ಒತ್ತಿದ.