ಐರಿನ್‌ಗೆ ಒಂದು ಗ್ಲಾಸ್ ನೀರು

“ಸ್ಟೂಲ್ ಗಟ್ಟಿ ಹಿಡಿ, ಐರಿನ್. ಅಲ್ಲಾಡಾಕತ್ತದ.”

ಮಮ್ಮಿ ಸ್ಟೂಲಿನ ಮೇಲೆ ನಿಂತು ಬ್ಲೇಡಿನಿಂದ ಬೋರ್ಡು ಕೆರೆಯುತ್ತಿದ್ದಳು. ‘ಚೈನೀಸ್ ಬ್ಯೂಟಿ ಪಾರ್ಲರ್’ ಎಂಬುದರಲ್ಲಿ ಮೊದಲ ಪದ ಅರ್ಧ ಹೋಗಿತ್ತು. ಹತ್ತು ವರ್ಷ ಜೇವರ್ಗಿ ಕಾಲೋನಿಯ ಹೆಂಗಸರು ಆ ಪದ ನೋಡಿಯೇ ಹುಬ್ಬು ತೀಡಿಸಿಕೊಳ್ಳಲು ಬರುತ್ತಿದ್ದರು. ಈಗ ಅದನ್ನು ನೋಡಿಯೇ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

“ಮಮ್ಮಿ, ನಾವು ಚೈನಾದವರೇನು?”

“ನನ್ನ ಮುತ್ತಜ್ಜ ಅಲ್ಲಿಂದ ಕಲ್ಕತ್ತಾಕ್ಕ ಬಂದಿದ್ದ. ನಾ ಚೈನಾ ನೋಡೇ ಇಲ್ಲ. ನೀ ಹುಟ್ಟಿದ್ದು ಇಲ್ಲೇ, ಕಲಬುರಗಿಯಾಗ.”

ಅದು 2020ರ ಮಾರ್ಚ್ ಮೊದಲ ವಾರ. ಟೀವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೊರೋನಾ, ಚೈನಾ, ಎರಡೇ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗಾಗಿತ್ತು ಇವರ ಪಾಡು. ಐದನೇ ಕ್ಲಾಸಿನಲ್ಲಿ ಐರಿನ್‌ಳ ಹೆಸರನ್ನೇ ಎಲ್ಲರೂ ಮರೆತಿದ್ದರು. “ಏ ಕೊರೋನಾ, ದೂರ ಕೂಡು!” ಎನ್ನುತ್ತಿದ್ದ ಮಾನಿಟರ್ ರೇವಣ. ಚೈನಾ ಎಲ್ಲಿದೆಯೆಂದು ನಕಾಶೆಯಲ್ಲಿ ತೋರಿಸಲು ಆ ಮಹಾಶಯನಿಗೆ ಬರುತ್ತಿರಲಿಲ್ಲ.

ನಾಲ್ಕು ದಿನದಿಂದ ಐರಿನ್ ಶಾಲೆಗೆ ಹೋಗಿರಲಿಲ್ಲ. ಯೂನಿಫಾರ್ಮ್ ಕಂಡರೆ ಸಾಕು, ಹೊಟ್ಟೆ ನುಲಿಯುತ್ತಿತ್ತು. ಡಾಕ್ಟರು ನೋಡಿ ಏನೂ ಇಲ್ಲ ಎಂದಿದ್ದರು. ಸೋಮವಾರ ವಾರ್ಷಿಕ ಪರೀಕ್ಷೆ.

“ನಾ ಇನ್ನ ಸಾಲಿಗೆ ಹೋಗಂಗಿಲ್ಲ. ಪರೀಕ್ಷಾನೂ ಬರಿಯಂಗಿಲ್ಲ,” ಎಂದಳು ಐರಿನ್.

ಮಮ್ಮಿ ಬೈಯಲಿಲ್ಲ. ಅದಕ್ಕೇ ಐರಿನ್‌ಗೆ ಹೆಚ್ಚು ಹೆದರಿಕೆಯಾಯಿತು.

ಈಗಲೂ ಮನೆಗೆ ಬರುತ್ತಿದ್ದ ಕ್ಲಾಸಿನ ಗೆಳತಿ ಎಂದರೆ ಪಂಚಶೀಲಾ ಒಬ್ಬಳೇ. ಭಾನುವಾರ ಅವಳು ತನ್ನ ಅಪ್ಪನೊಂದಿಗೆ ಬಂದು, “ನಡಿ, ಕಮಲಾಪುರಕ್ಕ ಹೋಗೂಣು. ನಮ್ಮ ಆಯಿ ಕರದಾಳ,” ಎಂದಳು. ಬಸ್ಸಿನಲ್ಲಿ ಐರಿನ್ ಮಮ್ಮಿಯ ಓಢಣಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಕೂತಳು.

ಪಂಚಶೀಲಾಳ ಅಜ್ಜಿ ತುಳಜಾಬಾಯಿ ಅಂಗಳದಲ್ಲಿ ಕೆಂಪು ಬಾಳೆಗೊನೆಗಳನ್ನು ಒರಸಿ ಸಾಲಾಗಿ ಇಡುತ್ತಿದ್ದಳು. ಹುಡುಗಿಯರನ್ನು ನೋಡಿ ಒಳಗೆ ಹೋಗಿ ಎರಡು ಗ್ಲಾಸ್ ನೀರು ತಂದಳು.

“ಬಿಸಲಾಗ ಬಂದೀರಿ. ಮೊದಲ ನೀರು ಕುಡೀರಿ.”

ಪಂಚಶೀಲಾ ಗ್ಲಾಸ್ ತೆಗೆದುಕೊಂಡಳು. ಐರಿನ್ ಹಿಂದೆ ಸರಿದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಬಾಯಿಯ ಹತ್ತಿರ ಬೊಗಸೆ ಹಿಡಿದಳು.

“ಮ್ಯಾಲಿಂದ ಹಾಕ್ರಿ, ಆಯಿ. ನಾ ಗ್ಲಾಸ್ ಮುಟ್ಟಂಗಿಲ್ಲ.”

ಒಳ್ಳೆಯ ಹುಡುಗಿ ಅನ್ನಿಸಿಕೊಳ್ಳಬೇಕೆಂದೇ ಅವಳು ಹಾಗೆ ಮಾಡಿದ್ದಳು. ಆದರೆ ಆಯಿಯ ಮುಖ ಕಪ್ಪಿಟ್ಟಿತು.

“ಕೈ ಇಳಸು!”

ಐರಿನ್ ಬೆಚ್ಚಿದಳು. ಇವರೂ ಬೈಯುತ್ತಾರಲ್ಲ ಎಂದು ಅಳು ಬಂತು.

“ಯಾರು ಕಲಿಸಿದ್ರವ್ವ ಇದನ್ನ?”

“ಸಾಲ್ಯಾಗ ರೇವಣ ಹಿಂಗೇ ಹಾಕ್ತಾನ್ರಿ. ನಾ ಮುಟ್ಟಿದ್ರ ರೋಗ ಬರ್ತದಂತ.”

ತುಳಜಾಬಾಯಿ ಅವಳೆದುರು ನೆಲದ ಮೇಲೆ ಕೂತಳು.

“ನನಗೂ ಹಿಂಗೇ ಹಾಕ್ತಿದ್ರು. ನಿನ್ನಷ್ಟೇ ಇದ್ದೆ. ನಮ್ಮ ಜಾತಿದವರು ಮುಟ್ಟಿದ್ರ ನೀರು ಮೈಲಿಗಿ ಆಗ್ತದಂತ.”

“ನೀವು ಏನ್ ಮಾಡಿದ್ರಿ?”

“ಅಳ್ತಿದ್ದೆ. ಒಂದಿನ ಸಾಲೀನೇ ಬಿಟ್ಟೆ. ಇನ್ನ ಯಾರೂ ಏನೂ ಅನ್ನಂಗಿಲ್ಲಂತ ಬಾಳ ಖುಷಿ ಆತು.”

“ಆಮ್ಯಾಲ?”

“ಆಮ್ಯಾಲ ಕೂಲಿಗೆ ಹೋದೆ. ಹೊಲದಾಗೂ ಹಿಂಗೇ ಹಾಕಿದ್ರು. ಸಾಲಿ ಹೋತು, ಬೊಗಸಿ ಹೋಗಲಿಲ್ಲ.”

ಪಂಚಶೀಲಾ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ಅವಳು ಕುಡಿಯುವುದನ್ನೇ ಮರೆತು ನಿಂತಿದ್ದಳು. ಆಯಿ ಗ್ಲಾಸನ್ನು ಐರಿನ್‌ಳ ಕೈಗೆ ಕೊಟ್ಟಳು. ಐರಿನ್ ತುಟಿ ಹಚ್ಚಿ ಕುಡಿದಳು.

ಸೋಮವಾರ ಐರಿನ್ ಯೂನಿಫಾರ್ಮ್ ಹಾಕಿಕೊಂಡಳು. ಶಾಲೆಯ ನೀರಿನ ಡ್ರಮ್ಮಿನ ಹತ್ತಿರ ರೇವಣ ಜಗ್ ಹಿಡಿದು ನಿಂತಿದ್ದ.

“ಬಂತು ನೋಡ್ರೋ ಕೊರೋನಾ! ಬೊಗಸಿ ಹಿಡಿ.”

ಐರಿನ್‌ಳ ಕೈಗಳು ತಾವಾಗಿಯೇ ಅರ್ಧ ಮೇಲೆ ಬಂದಿದ್ದವು. ಅವಳು ಇಳಿಸಿದಳು.

“ಗ್ಲಾಸಿನ್ಯಾಗ ಕೊಡು.”

“ಕೊಡಂಗಿಲ್ಲ, ಹೋಗ!”

ಪಂಚಶೀಲಾ ತನ್ನ ಗ್ಲಾಸ್ ಚಾಚಿದಳು. ರೇವಣ ಅದನ್ನೂ ಕಸಿದುಕೊಂಡ. ಸುತ್ತಲಿದ್ದವರು ನಕ್ಕರು.

ಐರಿನ್‌ಳ ಕಣ್ಣು ತುಂಬಿತು. ಶಾಲೆಯ ಗೇಟು ತೆರೆದೇ ಇತ್ತು, ಹತ್ತೇ ಹೆಜ್ಜೆ. ಹೊರಗೆ ಹೋದರೆ ಎಷ್ಟು ಹಾಯೆನಿಸುತ್ತದೆ! ಆಯಿಗೆ ಆ ದಿನ ಯಾಕೆ ಖುಷಿಯಾಗಿತ್ತೆಂದು ಅವಳಿಗೆ ಈಗ ಚೆನ್ನಾಗಿ ತಿಳಿಯಿತು.

ಗಂಟೆ ಹೊಡೆಯಿತು. ಐರಿನ್ ಬಾಯಾರಿಕೆಯಲ್ಲೇ ಪರೀಕ್ಷೆಯ ಕೋಣೆಗೆ ನಡೆದಳು.