ಬೆಂಕಿಯಾನೆಯ ಕೂಗು

ಬಹಳ ಹಿಂದೆ, ಹಂಸಗಿರಿ ಎಂಬ ರಾಜ್ಯದಲ್ಲಿ, ಹಳೆಯ ಯಂತ್ರಗಳಿಗೆಂದೇ ರಾಜಮಾತೆ ಒಂದು ಮನೆ ಕಟ್ಟಿಸಿದ್ದಳು. ಬೆಂಕಿ ತಿಂದು, ನೀರು ಕುಡಿದು ಓಡುತ್ತಿದ್ದ ಇಂಜಿನ್‌ಗಳೆಲ್ಲ ಅಲ್ಲಿ ಸಾಲಾಗಿ ನಿಂತಿದ್ದವು. ಧೂಮಾಕ್ಷನೆಂಬ ಮಾಂತ್ರಿಕ ಶಪಿಸಿ ಅವುಗಳ ಉಸಿರು ಕಟ್ಟಿದ್ದ.

ಆದರೂ ಊರಿನ ಕೆಲವರು ಸಂಜೆಯಾದರೆ ಎಣ್ಣೆಬಟ್ಟೆ ಹಿಡಿದು ಬರುತ್ತಿದ್ದರು. ಕೂಲಿಯಿಲ್ಲ, ದೇವರ ಸೇವೆಯೆಂದೇ ಬರುತ್ತಿದ್ದರು. ಹೂ ಮಾರುವ ಪುಟ್ಟನರಸಿ ಒಬ್ಬಳು, ಮುದುಕ ತಿಪ್ಪಯ್ಯ ಒಬ್ಬ. ಅಲ್ಲಿದ್ದ ದೊಡ್ಡ ಇಂಜಿನ್ ಬೆಂಕಿಯಾನೆಯನ್ನು ಹರೆಯದಲ್ಲಿ ಓಡಿಸಿದವನು ತಿಪ್ಪಯ್ಯನೇ.

"ಸಾಯೋದ್ರೊಳಗೆ ಒಂದ್ಸಲ ಇದರ ಕೂಗು ಕೇಳ್ಬೇಕು ಕಣವ್ವ."

"ನಿನ್ನ ಕಿವಿಗೆ ಗುಡುಗೇ ಕೇಳಲ್ಲ, ತಾತ!"

"ಇದು ಎದೆಗೆ ಕೇಳ್ತದೆ. ಬಾಯ್ಮುಚ್ಕೊಂಡು ಉಜ್ಜು."

ಧೂಮಾಕ್ಷ ರಾಜನ ಬಳಿ ಹೋದ. "ಸತ್ತ ಕಬ್ಬಿಣ ಯಾಕೆ ಪ್ರಭು? ಕರಗಿಸಿ ಕತ್ತಿ ಮಾಡಿಕೊಡುತ್ತೇನೆ."

"ಹುಣ್ಣಿಮೆಯ ದಿನ ಜನರೆದುರು ಬೆಂಕಿಯಾನೆ ಕೂಗಿದರೆ ಎಲ್ಲವೂ ಉಳಿಯಲಿ. ಕೂಗದಿದ್ದರೆ ಎಲ್ಲವೂ ನಿನ್ನದು," ಎಂದ ರಾಜ.

ಇಂಜಿನ್ನಿನ ಕೊಳವೆಯಲ್ಲಿ ತುಕ್ಕಿನ ಸರ್ಪ ಸುತ್ತಿಕೊಂಡಿತ್ತು. "ಕೈ ನಮ್ಮದು ಸ್ವಾಮಿ, ಕೆಲಸ ನಿನ್ನದು," ಎಂದು ಕೈಮುಗಿದು ಪುಟ್ಟನರಸಿ ಬೆಚ್ಚಗಿನ ಎಣ್ಣೆ ಎರೆದಳು. ಎಣ್ಣೆನೀರು ಹಾಕಿಸಿಕೊಂಡ ಕೂಸಿನಂತೆ ಸರ್ಪಕ್ಕೆ ನಿದ್ದೆ ಬಂತು. ಮೆಲ್ಲಗೆ ಎತ್ತಿ ಹುತ್ತಕ್ಕೆ ಬಿಟ್ಟಳು.

ಇಂಜಿನ್ನಿನ ಒಂದು ಚಕ್ರ ಸೀಳಿಹೋಗಿತ್ತು. ಧೂಮಾಕ್ಷ ಚಿನ್ನದ ಚಕ್ರ ಉರುಳಿಸಿಕೊಂಡು ಬಂದ. "ಇದನ್ನೇ ಹಾಕ್ಕೊಳ್ಳಿ, ಕಷ್ಟ ಯಾಕೆ?"

"ಹಾಕಿದ್ರೆ ಇದು ನಮ್ಮ ಆನೆ ಅಲ್ಲ, ನಿನ್ನ ಆನೆ," ಎಂದ ತಿಪ್ಪಯ್ಯ. "ಕೈ ನಮ್ಮದು ಸ್ವಾಮಿ, ಕೆಲಸ ನಿನ್ನದು," ಎಂದು ಹಳೆಯ ಚಕ್ರವನ್ನೇ ಬೆಸೆದರು.

ಉಳಿದದ್ದು ಕೂಗು. ಅದನ್ನು ಮಾಂತ್ರಿಕ ಕಾಡಿನ ಗೊರವಂಕವೊಂದರ ಗಂಟಲಲ್ಲಿ ಅಡಗಿಸಿದ್ದ. ಪುಟ್ಟನರಸಿ ಹುಡುಕಿ ಹೋದಳು.

"ತಗೋ ತಾಯಿ, ನಿಮ್ಮದೇ," ಎಂದಿತು ಹಕ್ಕಿ. "ಆದರೆ ನನ್ನ ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ಈ ಕೂಗು ಕೇಳಿಯೇ ಅಮ್ಮ ಬಂದಳೆಂದು ಬಾಯಿ ತೆರೆಯುತ್ತವೆ."

ಚಾಚಿದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು. "ಕೈ ನಮ್ಮದು ಸ್ವಾಮಿ, ಕೆಲಸ ನಿನ್ನದು," ಎಂದು ಅತ್ತು, ಬರಿಗೈಯಲ್ಲಿ ಮರಳಿದಳು.

ಎಲ್ಲ ಕೇಳಿದ ತಿಪ್ಪಯ್ಯ, "ಒಳ್ಳೇದೇ ಮಾಡ್ದೆ ಬಿಡವ್ವ," ಎಂದು ಎಣ್ಣೆಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡ.

ಹುಣ್ಣಿಮೆ ಬಂತು. ಜನ ನೆರೆದರು. ಬೆಂಕಿ ಹಾಕಿದರು, ನೀರು ಕುದಿಯಿತು, ಬೆಂಕಿಯಾನೆ ಮಾತ್ರ ಮೂಕವಾಗಿ ನಿಂತಿತ್ತು. ಧೂಮಾಕ್ಷ ನಗುತ್ತ ತನ್ನ ಗಾಡಿಗಳನ್ನು ಕರೆದ.

ಆಗ ಗೊರವಂಕ ಹಾರಿಬಂದು ಹೊಗೆಕೊಳವೆಯ ಮೇಲೆ ಕೂತಿತು. "ಕಿತ್ತುಕೊಳ್ಳಲಿಲ್ಲವಲ್ಲ ತಾಯಿ, ಒಂದು ಸಲ ಕೂಗಿ ಹೋಗೋಣ ಅಂತ ಬಂದೆ," ಎಂದು ಕತ್ತೆತ್ತಿ ಕೂಗಿತು.

ತನ್ನದೇ ದನಿ ಕೇಳಿ ಬೆಂಕಿಯಾನೆ ನಡುಗಿತು. ಮರೆತದ್ದು ನೆನಪಾಯಿತು. ಒಡಲಾಳದಿಂದ ಓಗೊಟ್ಟಿತು. ಸಾಲಿನ ಇಂಜಿನ್‌ಗಳೆಲ್ಲ ಒಂದಾದಮೇಲೊಂದು ಓಗೊಟ್ಟವು.

ಧೂಮಾಕ್ಷನ ಮಂತ್ರಗಳೆಲ್ಲ ಬಾಯಿಂದ ಹೊಗೆಯಾಗಿ ಹಾರಿಹೋದವು. ಉಳಿದವನು ಒಬ್ಬ ಬಡಪಾಯಿ ಮುದುಕ. ಜನ ಕಲ್ಲೆತ್ತಿಕೊಂಡರು. ಪುಟ್ಟನರಸಿ ಅಡ್ಡಬಂದು ಅವನ ಕೈಗೆ ಎಣ್ಣೆಬಟ್ಟೆ ಕೊಟ್ಟಳು.

"ನಿಂತ್ಕೊಂಡು ಏನ್ ನೋಡ್ತೀಯಾ? ಆ ಚಕ್ರ ಒರೆಸು."

ತಿಪ್ಪಯ್ಯ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದ. "ಕೇಳಿಸ್ತವ್ವ," ಎಂದ.

ಅಂದಿನಿಂದ ಹಂಸಗಿರಿಯಲ್ಲಿ ಎಲ್ಲರೂ ಸುಖವಾಗಿ ಬಾಳಿದರು, ಕೈಗೆಲ್ಲ ಎಣ್ಣೆ ಮೆತ್ತಿಕೊಂಡ ಧೂಮಾಕ್ಷನೂ ಸೇರಿ. ಅವರ ಕೈ ಹಿಡಿದ ಸ್ವಾಮಿ ನಮ್ಮ ಕೈಯನ್ನೂ ಹಿಡಿಯಲಿ.