ಯಾರ ದನಿ ಜೋರು

ಆದರ್ಶನನ್ನು ಮೊದಲ ಸಲ ಕಂಡಾಗ ಅನ್ಯಾ ಮಾಡಿದ ಮೊದಲ ಕೆಲಸ, ಅವನ ಸ್ಪೀಕರಿನ ವೈರು ಕಿತ್ತದ್ದು.

ಸ್ವೀಡನ್ನಿನ ಓರೆಬ್ರೂ ಊರಿನ ಕನ್ನಡ ಬಳಗದ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಒಂದು ಹಳೆಯ ಸಿನಿಮಾ ತೋರಿಸುತ್ತೇನೆಂದು ಅವನು ಒಪ್ಪಿಕೊಂಡಿದ್ದ. ಬಾಡಿಗೆ ಸಭಾಂಗಣದ ಬಾಗಿಲನ್ನು ಅನ್ಯಾ ತೆಗೆದರೆ ಒಳಗೆ ಸ್ಪೀಕರಿನಿಂದ ಡಬ್ಬ, ತಟ್ಟೆ, ತುತ್ತೂರಿಗಳ ಗದ್ದಲ. ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಕೂತಿದ್ದರು.

"ಏನ್ರೀ ಇದು? ಮಕ್ಕಳ ಕಿವಿ ಏನಾಗ್ಬೇಕು?"

"ಮೇಡಂ, ಸ್ಪೀಕರ್ ಕೆಟ್ಟಿಲ್ಲ. ಸಿನಿಮಾದ ಮಕ್ಕಳು ಬೇಕಂತಲೇ ಕೆಟ್ಟದಾಗಿ ಬಾರಿಸ್ತಿದಾರೆ. ಅದೇ ಕಥೆ."

"ನಾನು ಇಲ್ಲಿನ ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡೋಳು. ನಂಗೆ ಕಥೆ ಹೇಳ್ಬೇಡಿ."

ಅವನು ವೈರು ಸುತ್ತುತ್ತಾ ತಲೆಯೆತ್ತದೆಯೇ ಹೇಳಿದ: "ಹೇಳ್ತೀನಿ. ಫಿಕಾಗೆ ಬಂದ್ರೆ."

ಇಷ್ಟು ಧೈರ್ಯವೇ ಎಂದುಕೊಂಡಳು ಅನ್ಯಾ. ಆದರೂ ಹೋದಳು.

ಸ್ವೀಡನ್ನಿನವರು ಫಿಕಾ ಎನ್ನುವ ಆ ಕಾಫಿಯ ಪಕ್ಕ ಲ್ಯಾಪ್‌ಟಾಪು ತೆರೆದು ಅವನು ಕಥೆ ಹೇಳಿದ. ಸಿನಿಮಾ ಆಗಷ್ಟೇ ಮಾತು ಕಲಿತಿದ್ದ ಕಾಲದ ಪುಟ್ಟ ಹಾಸ್ಯಚಿತ್ರ ಅದು, ನಟರೆಲ್ಲ ಮಕ್ಕಳೇ. ಕೇರಿಯ ಹುಡುಗನೊಬ್ಬನನ್ನು ಅವನ ಸಿರಿವಂತ ಅತ್ತೆ ಪಟ್ಟಣಕ್ಕೆ ಕರೆದೊಯ್ಯಲು ಬರುತ್ತಾಳೆ. ಗೆಳೆಯರೆಲ್ಲ ಸೇರಿ ಅವಳ ಕಿಟಕಿಯ ಕೆಳಗೆ ಬ್ಯಾಂಡು ಬಾರಿಸುತ್ತಾರೆ. ಸಹಿಸಲಾರದ ಅತ್ತೆ ಕೊನೆಗೆ ಒಬ್ಬಳೇ ಬಂಡಿ ಹತ್ತಿ ಓಡುತ್ತಾಳೆ.

"ಈ ಹಲ್ಲಿಲ್ಲದ ಹುಡುಗೀನ ನೋಡಿ. ಮಾತು ಬಂದಾಗಲೆಲ್ಲ ಹೂಕುಂಡದ ಕಡೆ ವಾಲ್ತಾಳೆ. ಯಾಕೆ ಹೇಳಿ?"

"ಯಾಕೆ?"

"ಮೈಕ್ ಅದರೊಳಗೇ ಬಚ್ಚಿಟ್ಟಿದಾರೆ ಅಂತ ನನ್ನ ಗುಮಾನಿ."

ಅನ್ಯಾ ನಕ್ಕಳು. ಮತ್ತೆ ಪರದೆ ಬಿಟ್ಟು ಅವನನ್ನೇ ನೋಡಿದಳು. "ನೀವೂ ವಾಲ್ತಿದೀರಿ."

"ಇಲ್ಲೂ ಎಲ್ಲೋ ಮೈಕ್ ಇರ್ಬೇಕು," ಎಂದ ಅವನು, ಕಿವಿ ಕೆಂಪಗೆ ಮಾಡಿಕೊಂಡು.

ಮಕ್ಕಳು ಅಂದು ನಕ್ಕಿರಲಿಲ್ಲ. ಕರಕರ ಎನ್ನುವ ಆ ಹಳೆಯ ಇಂಗ್ಲಿಷು ಅವರಿಗೆ ತಿಳಿದಿರಲಿಲ್ಲ. ಹಾಗಾಗಿ ಅನ್ಯಾಗೆ ಒಂದು ಯೋಚನೆ ಹೊಳೆಯಿತು: ರಾಜ್ಯೋತ್ಸವದ ದಿನ ಚಿತ್ರದ ದನಿ ಪೂರ್ತಿ ಆರಿಸಿ, ಬಳಗದ ಮಕ್ಕಳೇ ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಮಾತಾಡಬೇಕು. ಬ್ಯಾಂಡನ್ನೂ ಅವರೇ ಬಾರಿಸಬೇಕು.

ಆದರ್ಶ ಕನ್ನಡದ ಮಾತು ಬರೆದ. ಶನಿವಾರಗಳೆಲ್ಲ ಅದಕ್ಕೇ ಮೀಸಲಾದವು. ಮನೆಮನೆಯಿಂದ ಕುಕ್ಕರ್ ಮುಚ್ಚಳ, ಸೌಟು, ಇಡ್ಲಿ ತಟ್ಟೆಗಳು ಬಂದವು. ಹಲ್ಲಿಲ್ಲದ ಹುಡುಗಿಯ ಪಾತ್ರ ಏಳು ವರ್ಷದ ಆರಾಧ್ಯಾಳದ್ದು. ಕನ್ನಡದಲ್ಲಿ ಕೇಳಿದರೆ ಸ್ವೀಡಿಷ್‌ನಲ್ಲೇ ಉತ್ತರ ಕೊಡುವ ಮಗು ಅದು. ಅತ್ತೆಯೆದುರು ಸೊಂಟಕ್ಕೆ ಕೈಯಿಟ್ಟು "ನಾವು ಅವನನ್ನ ಬಿಡಲ್ಲ!" ಎಂದು ಅವಳು ಕೂಗಬೇಕಿತ್ತು. ಅವಳ ಬಾಯಲ್ಲಿ ಅದು ಪ್ರತಿಸಲ "ಬಿಡಲಾ?" ಆಗುತ್ತಿತ್ತು.

"ಪುಟ್ಟಿ, ನೀನು ಅವನನ್ನ ಬಿಡ್ಲಾ ಬೇಡ್ವಾ ಅಂತ ಅತ್ತೇನೇ ಕೇಳ್ತಿದೀಯಲ್ಲ!" ಎಂದು ಆದರ್ಶ ನೆಲಕ್ಕೆ ಕೂತು ನಗುತ್ತಿದ್ದ. ಆರಾಧ್ಯಾ ಅವನ ಬೆನ್ನಿಗೆ ಸೌಟಿನಿಂದ ಒಂದು ಕೊಡುತ್ತಿದ್ದಳು. ಅವರಿಬ್ಬರನ್ನೂ ನೋಡುತ್ತಾ ಅನ್ಯಾ ಮುಂದಿನ ಮಾತು ಮರೆತುಬಿಡುತ್ತಿದ್ದಳು. ಅವನು ಓದಿದ್ದನ್ನೇ ಓದುತ್ತಾ ಕಣ್ಣಂಚಿನಲ್ಲಿ ಅವಳನ್ನು ಹುಡುಕುತ್ತಿದ್ದ. ಸಿಕ್ಕಿಬಿದ್ದಾಗ ಇಬ್ಬರೂ ಮಕ್ಕಳನ್ನು ಗದರುತ್ತಿದ್ದರು.

ಬಳಗದ ಅಧ್ಯಕ್ಷರು ಅನ್ಯಾಳ ತಂದೆ ರಾಜಗೋಪಾಲ. ಒಂದು ಶನಿವಾರ ಬಂದು, ಹಿಂದಿನ ಸಾಲಿನಲ್ಲಿ ಕೂತು ನೋಡಿದರು. ಮಕ್ಕಳು ಹೊರಟ ಮೇಲೆ ಎದ್ದರು.

"ಕನ್ನಡ ರಾಜ್ಯೋತ್ಸವ ಕಣಮ್ಮ. ಸ್ಟಾಕ್‌ಹೋಮ್‌ನಿಂದ ಜನ ಬರ್ತಾರೆ. ಈ ಅರ್ಧಂಬರ್ಧ ಕನ್ನಡ ಕೇಳಿಸಿದ್ರೆ ಮರ್ಯಾದೆ ಇರುತ್ತಾ? ದೊಡ್ಡವರು ಮಾತಾಡ್ಲಿ, ಮಕ್ಕಳು ಬಾಯಿ ಆಡಿಸ್ಲಿ."

"ಆಗಲ್ಲ ಅಪ್ಪಾ."

"ಏನು ಆಗಲ್ಲ?"

"ಒಂಬತ್ತು ವರ್ಷದೋಳಿದ್ದಾಗ ನಾನು ಸ್ಟೇಜ್ ಮೇಲೆ 'ಕನ್ನಡ ನಾಡು' ಅನ್ನೋಕೆ 'ಕನ್ನಡಕ ನಾಡು' ಅಂದಿದ್ದೆ. ಇಡೀ ಹಾಲ್ ನಕ್ಕಿತ್ತು. ನೀವೂ ನಕ್ಕಿದ್ರಿ. ಅವತ್ತಿಂದ ನಾನು ಸ್ಟೇಜ್ ಹತ್ತಿಲ್ಲ. ಆರಾಧ್ಯಾಗೆ ಹಾಗಾಗೋಕೆ ಬಿಡಲ್ಲ. ತಪ್ಪೋ ಸರಿಯೋ, ಅವಳೇ ಮಾತಾಡ್ತಾಳೆ."

ರಾಜಗೋಪಾಲರು ಬಾಗಿಲ ಕಡೆ ನಡೆದರು. ಹೋಗುವ ಮುಂಚೆ ಆದರ್ಶನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು, ಅಷ್ಟೆ.

ಕುರ್ಚಿ ಜೋಡಿಸುತ್ತಾ ಆದರ್ಶ ಮೆಲ್ಲಗೆ ಹೇಳಿದ: "ನಿಮಗೊಂದು ವಿಷಯ ಹೇಳ್ಬೇಕಿತ್ತು. ನಮ್ಮ ಆಫೀಸ್ ಮುಚ್ತಿದಾರೆ. ಮೂರು ತಿಂಗಳೊಳಗೆ ಬೇರೆ ಕೆಲಸ ಸಿಗ್ಲಿಲ್ಲ ಅಂದ್ರೆ ವೀಸಾ ರದ್ದಾಗುತ್ತೆ, ಬೆಂಗಳೂರಿಗೆ ವಾಪಸ್ ಹೋಗ್ಬೇಕು."

ಅನ್ಯಾಳ ಕೈಯಲ್ಲಿದ್ದ ಕುರ್ಚಿ ನೆಲಕ್ಕೆ ಬಿತ್ತು.

"ಇಷ್ಟೇನಾ ಹೇಳ್ಬೇಕಾಗಿದ್ದು?"

ಅವನು ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. "ಇಷ್ಟೇ," ಎಂದ.

ಸುಳ್ಳು ಹೇಳಲೂ ಬರುವುದಿಲ್ಲ ಇವನಿಗೆ, ಎಂದು ಅವಳಿಗೆ ಅಳು ಬಂತು.

ರಾಜ್ಯೋತ್ಸವದ ದಿನ ಸಭಾಂಗಣ ತುಂಬಿತ್ತು. ಹೊರಗೆ ಮೊದಲ ಹಿಮ, ಒಳಗೆ ಬಿಸಿಬೇಳೆಬಾತಿನ ಘಮ. ಪರದೆಯ ಮೇಲೆ ಕಪ್ಪು ಬಿಳುಪು ಮಕ್ಕಳು, ಪಕ್ಕದಲ್ಲಿ ರೇಷ್ಮೆ ಲಂಗ, ಜುಬ್ಬಾ ತೊಟ್ಟ ಬಳಗದ ಮಕ್ಕಳು. ಎಲ್ಲ ಸರಿಯಾಗಿಯೇ ಸಾಗಿತ್ತು.

ಆರಾಧ್ಯಾ ಸೊಂಟಕ್ಕೆ ಕೈಯಿಟ್ಟಳು. "ನಾವು ಅವನನ್ನ ಬಿಡಲಾ!"

ಸಭೆ ಗೊಳ್ಳೆಂದಿತು. ಯಾರೋ ಹಿಂದಿನಿಂದ, "ಬಿಡಮ್ಮಾ, ಬಿಡು!" ಎಂದು ಕೂಗಿದರು. ಆರಾಧ್ಯಾ ತಲೆ ತಗ್ಗಿಸಿದಳು. ಮೈಕು ಕೆಳಗಿಳಿಯಿತು. ಪರದೆಯ ಮೇಲಿನ ಹುಡುಗಿ ದನಿಯಿಲ್ಲದೆ ಬಾಯಿ ಆಡಿಸುತ್ತಲೇ ಇದ್ದಳು.

ಅನ್ಯಾ ಧಡಕ್ಕನೆ ಎದ್ದಳು. ಮರುಕ್ಷಣ ಅವಳು ಸ್ಟೇಜಿನ ಮೇಲಿದ್ದಳು. ಆದರ್ಶ ಚಿತ್ರ ನಿಲ್ಲಿಸಿದ.

"ನಗ್ಬೇಡಿ," ಎಂದಳು ಅನ್ಯಾ, ಮೈಕಿಲ್ಲದೆ. ದನಿ ಕೊನೆಯ ಸಾಲಿಗೂ ಕೇಳಿಸಿತು. "ಇವಳಿಗೆ ಕನ್ನಡ ಬರಲ್ಲ ಅಂತೀರಿ. ಬಾಯಿ ತೆಗೆದ್ರೆ ನಗ್ತೀರಿ. ಹಾಗಾದ್ರೆ ಕಲಿಯೋದು ಹೇಗೆ? ನಾನೂ ಹೀಗೇ ನಗಿಸ್ಕೊಂಡೋಳು. ಇವತ್ತು ತಪ್ಪು ಕನ್ನಡದಲ್ಲೇ ಕೇಳ್ತಿದೀನಿ, ಸ್ವಲ್ಪ ತಾಳ್ಮೆ ಇಟ್ಕೊಳ್ಳಿ." ಆಮೇಲೆ ಮಂಡಿಯೂರಿ ಆರಾಧ್ಯಾಳ ಕಿವಿಯಲ್ಲಿ, "ಜೋರಾಗಿ ಕಾಲು ಬಡಿದು ಹೇಳು," ಎಂದಳು.

ಚಿತ್ರ ಹಿಂದಕ್ಕೆ ಸರಿದು ಮತ್ತೆ ಶುರುವಾಯಿತು. ಆರಾಧ್ಯಾ ಕಾಲು ಬಡಿದಳು. "ನಾವು ಅವನನ್ನ ಬಿಡಲ್ಲ! ಬಿಡಲ್ಲ! ಬಿಡಲ್ಲ!"

ಮಿಕ್ಕ ಮಕ್ಕಳಿಗೆ ಅದೇ ಸಂಕೇತವಾಯಿತು. ಇಡ್ಲಿ ತಟ್ಟೆ, ಸೌಟು, ಕುಕ್ಕರ್ ಮುಚ್ಚಳಗಳು ಒಟ್ಟಿಗೆ ಮೊರೆದವು. ಈಗ ಕಿವಿ ಮುಚ್ಚಿಕೊಂಡವರು ದೊಡ್ಡವರು.

ಕಾರ್ಯಕ್ರಮ ಮುಗಿದ ಮೇಲೆ ಪಾತ್ರೆಗಳ ನಡುವೆ ರಾಜಗೋಪಾಲರು ಮಗಳನ್ನು ತಡೆದರು. "ಮಕ್ಕಳ ವಿಷಯ ಒಪ್ಪಿದೆ. ನಾನು ಅವತ್ತು ನಗಬಾರದಿತ್ತು." ನೆಲದಲ್ಲಿದ್ದ ಸೌಟೊಂದನ್ನು ಎತ್ತಿ ಅವಳ ಕೈಗಿಟ್ಟು ಮುಂದುವರಿಸಿದರು: "ಆದರೆ ಆ ಹುಡುಗ ಬೇಡ. ಕೆಲಸ ಹೋಗಿದೆಯಂತೆ. ವೀಸಾಗೋಸ್ಕರ ನಿನ್ನ ಹಿಡ್ಕೊಂಡ ಅಂತಾರೆ ಜನ."

ಎರಡು ಹೆಜ್ಜೆ ಆಚೆ, ವೈರು ಸುತ್ತುತ್ತಿದ್ದ ಆದರ್ಶನಿಗೆ ಅದು ಕೇಳಿಸಿತು. ಅವನು ವೈರು ಕೆಳಗಿಟ್ಟು, ಕೋಟು ತೆಗೆದುಕೊಂಡು ಹೊರಟುಬಿಟ್ಟ.

ಅನ್ಯಾ ಅವನನ್ನು ಊರ ನಡುವಿನ ಹಳೆಯ ಕೋಟೆಯ ಪಕ್ಕ, ಹೊಳೆಯ ಸೇತುವೆಯ ಮೇಲೆ ಹಿಡಿದಳು. ಅವಳು ಸೀರೆಯ ಮೇಲೆ ಜಾಕೆಟ್ಟು ಹಾಕುವುದನ್ನೂ ಮರೆತಿದ್ದಳು.

"ಎಲ್ಲಿಗೆ?"

"ಅನ್ಯಾ, ಅಂಕಲ್ ಹೇಳಿದ್ರಲ್ಲಿ ತಪ್ಪೇನಿದೆ? ನಾನು ಈಗ ಏನು ಹೇಳಿದ್ರೂ ಜನ ಅದನ್ನೇ ಅಂತಾರೆ. ಅದಕ್ಕೇ ಹೇಳ್ಲಿಲ್ಲ."

"ಏನು ಹೇಳ್ಲಿಲ್ಲ?"

ಅವನು ಹೊಳೆಯ ಕಡೆ ತಿರುಗಿದ.

"ಹೊಳೆಗಲ್ಲ. ನಂಗೆ ಹೇಳು." ಮೊದಲ ಸಲ ಏಕವಚನ.

"ನಿನ್ನ ಬಿಟ್ಟು ಹೋಗೋಕೆ ನನ್ನಿಂದ ಆಗಲ್ಲ," ಎಂದ ಅವನು. ಹಿಮ ಅವನ ರೆಪ್ಪೆಯ ಮೇಲೆ ಕೂತಿತ್ತು. "ನೀನು ವೈರ್ ಕಿತ್ತ ದಿನದಿಂದ."

ಅನ್ಯಾ ಕಣ್ಣೊರೆಸಿಕೊಂಡಳು. "ಸರಿ, ಕೇಳು. ನಿಂಗೆ ವೀಸಾ ಬೇಕು ಅಂತ ಜನ ಅಂತಾರೆ. ಅನ್ಲಿ. ನಂಗೆ ನೀನು ಬೇಕು ಅಂತ ನಾನು ಹೇಳ್ತೀನಿ. ಯಾರ ದನಿ ಜೋರು ನೋಡೋಣ. ಕೆಲಸ ಸಿಕ್ರೆ ಸಂತೋಷ. ಸಿಗ್ಲಿಲ್ಲ ಅಂದ್ರೆ ಒಟ್ಟಿಗೆ ಬಾಳೋರು ಅಂತ ಇಬ್ಬರೂ ಸೇರಿ ವೀಸಾಗೆ ಅರ್ಜಿ ಹಾಕೋಣ. ಅದನ್ನೂ ಇಲ್ಲಿನ ಸರ್ಕಾರ ಬೇಡ ಅಂದ್ರೆ ನಾನೇ ಬೆಂಗಳೂರಿಗೆ ಬರ್ತೀನಿ. ಕಿವಿ ಅಲ್ಲೂ ಎಲ್ಲರಿಗೂ ಇದೆ."

ಆದರ್ಶ ನಗುತ್ತಾ ತನ್ನ ಕೋಟನ್ನು ಅವಳ ಹೆಗಲಿಗೆ ಹೊದಿಸಿದ. ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

ಮುಂದಿನ ಭಾನುವಾರ, ನಡುಮಧ್ಯಾಹ್ನ, ಇಬ್ಬರೂ ಸೂಟ್‌ಕೇಸ್ ಎಳೆಯುತ್ತಾ ಅನ್ಯಾಳ ಫ್ಲ್ಯಾಟಿನ ಅಂಗಳಕ್ಕೆ ಬಂದರು. ಎದುರಿನ ಬಾಲ್ಕನಿಯಲ್ಲಿ ಬಳಗದ ಮಾಲತಿ ಆಂಟಿ ಕಾಫಿ ಹಿಡಿದು ನಿಂತಿದ್ದರು. ಆದರ್ಶ ತಲೆ ತಗ್ಗಿಸಿದ.

"ತಲೆ ಎತ್ತು," ಎಂದಳು ಅನ್ಯಾ. ಆಮೇಲೆ ಕೈಬೀಸಿ ಕೂಗಿದಳು: "ಆಂಟೀ! ಇವರು ಆದರ್ಶ. ಇವತ್ತಿಂದ ಇಲ್ಲೇ ಇರ್ತಾರೆ. ಮದುವೆ ಡೇಟ್ ಆಮೇಲೆ ಹೇಳ್ತೀನಿ. ಅಪ್ಪನಿಗೆ ನಾನು ಆಗ್ಲೇ ಹೇಳಾಯ್ತು, ನೀವು ತೊಂದರೆ ತಗೋಬೇಡಿ."

ಆಂಟಿಯ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

ಫೋನಿನಲ್ಲಿ ವಿಷಯ ಹೇಳಿದಾಗ ಅಪ್ಪ ಹರಸಿರಲಿಲ್ಲ. ಆದರೆ ಫೋನ್ ಇಟ್ಟೂ ಇರಲಿಲ್ಲ. ಇವತ್ತಿಗೆ ಅಷ್ಟು ಸಾಕೆಂದು ಅನ್ಯಾಗೆ ಅನ್ನಿಸಿತ್ತು.

ಮೂರನೇ ಮಹಡಿಯ ಬಾಗಿಲು ತೆರೆದು ಅವಳು ಒಳಗೆ ಹೋಗಿ, ತಿರುಗಿ, ಸೊಂಟಕ್ಕೆ ಕೈಯಿಟ್ಟು ನಿಂತಳು. ಅವನು ಹೊಸ್ತಿಲಾಚೆ, ಹಿಮ ಮೆತ್ತಿದ ಬೂಟಿನಲ್ಲಿ, ಒಳಗೆ ಬರಲೋ ಬೇಡವೋ ಎಂಬಂತೆ.

"ಏನು ನೋಡ್ತಿದೀಯ? ನಮ್ಮಲ್ಲಿ ಹೊಸದಾಗಿ ಮನೆ ತುಂಬೋರು ಹೇಗೆ ಬರ್ತಾರೆ ಗೊತ್ತಿಲ್ವಾ?"

"ಅದು ಮದುಮಗಳು ಕಣೇ."

"ಈ ಮನೇಲಿ ಮದುಮಗ," ಎಂದಳು ಅನ್ಯಾ. "ಬೂಟ್ ಬಿಚ್ಚು. ಬಲಗಾಲಿಟ್ಟು ಬಾ."